ಸಂಶೋಧನೆ ಮುಗೀತು, ಈಗ ಯಾರಿಗೆ ಹೇಗೆ ಹೇಳೋಣ?

ಸಾಗರ ತಾಲ್ಲೂಕಿನ ಒಂದು ಊರಿನ ಶಾಲೆಯಲ್ಲಿ ಸಭೆ ಕರೆದಿದ್ದೆವು. ಹಿಂದಿನ ವರ್ಷ ಅದೇ ಊರಿನಲ್ಲಿ ಮಂಗನ ಕಾಯಿಲೆಯ ಅಧ್ಯಯನಕ್ಕೆ ಅಂತ ರಕ್ತ ತೆಗೆದಿದ್ದೆವು. ಗೋಡೆ ಮೇಲೆ ಸ್ಲೈಡು, ಕೈಯಲ್ಲಿ ಮೈಕು, ಬಣ್ಣ ಬಣ್ಣದ ಗ್ರಾಫು. ಇಪ್ಪತ್ತು ನಿಮಿಷ ಮಾತಾಡಿ, "ಏನಾದ್ರೂ ಕೇಳೋದಿದ್ಯಾ?" ಅಂದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೆರಗು ಸರಿ ಮಾಡಿಕೊಂಡು ಎದ್ದು ನಿಂತರು. "ಹೋದ್ ವರ್ಷ ನನ್ ರಕ್ತ ತಗಂಡು ಹೋದ್ರಲ್ಲ ಮಗಾ, ನಂದು ಏನಾತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾದರಿಗಳಿಗೆ ಹೆಸರು ತೆಗೆದು ನಂಬರ್ ಹಾಕಿದ್ದೆವು. ಒಬ್ಬೊಬ್ಬರ ರಿಪೋರ್ಟ್ ವಾಪಸ್ ಕೊಡುವ ಮಾತು ನಮ್ಮ ಯೋಜನೆಯಲ್ಲೇ ಇರಲಿಲ್ಲ. ಲೇಖನ ಜರ್ನಲ್ಲಿಗೆ ಹೋಗಿತ್ತು, ವರದಿ ಹಣ ಕೊಟ್ಟವರಿಗೆ ಹೋಗಿತ್ತು. ರಕ್ತ ಕೊಟ್ಟ ಅಜ್ಜಿಗೆ ಏನೂ ಹೋಗಿರಲಿಲ್ಲ.

ಆಮೇಲೆ ನಾನು ಬೇರೆ ಬೇರೆ ದಾರಿಗಳನ್ನು ನೋಡಿದ್ದೇನೆ. ಆರೋಗ್ಯ ಸಂಶೋಧನೆ ಮಾಡುವ ಗೆಳೆಯರು, ಪಿಜಿ ಥೀಸಿಸ್ ಬರೆಯುತ್ತಿರುವ ಡಾಕ್ಟರುಗಳು ಆಗಾಗ ಕೇಳುತ್ತಾರೆ: ಜರ್ನಲ್ಲಾ, ಪೇಪರಾ, ರೇಡಿಯೊನಾ, ಊರ ಸಭೆನಾ? ಕೈಯಲ್ಲಿರುವ ದುಡ್ಡು, ಸಮಯ ಎರಡೂ ಕಮ್ಮಿ. ಎಲ್ಲಾ ಮಾಡೋಕೆ ಆಗಲ್ಲ. ಹಾಗಿದ್ದಾಗ ಯಾವುದನ್ನು ಹಿಡಿಯೋಣ? ನನಗೆ ಚೆನ್ನಾಗಿ ಗೊತ್ತಿರುವುದು ಮಂಗನ ಕಾಯಿಲೆ, ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಊರುಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಹೊಸ ವೈರಸ್ ಅಂತ ತಿಳಿಯಿತು. ಹರಡುವುದು ಉಣುಗಿನಿಂದ, ಕೆಲವು ಕಡೆ ಉಣ್ಣೆ ಅಂತಾರಲ್ಲ, ಅದು. ಕಾಯಿಲೆ ಬಂದ 100 ಜನರಲ್ಲಿ 3ರಿಂದ 5 ಜನ ಸಾಯುತ್ತಾರೆ. ನವೆಂಬರ್, ಡಿಸೆಂಬರ್‌ನಲ್ಲಿ ಶುರುವಾಗಿ ಮೇ ತನಕ ಇದರ ಕಾಲ. ಈ ಕ್ಯಾಲೆಂಡರ್ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜರ್ನಲ್ಲೋ, ಪ್ರಿಪ್ರಿಂಟೋ

ಜರ್ನಲ್ಲಿನಲ್ಲಿ ಬಂದರೆ ಒಂದು ಭರವಸೆ ಇದೆ. ಅದೇ ವಿಷಯ ಬಲ್ಲ ಇಬ್ಬರು ಮೂವರು ಓದಿ, ತಪ್ಪು ಹುಡುಕಿ, ತಿದ್ದಿಸಿದ ಮೇಲೆ ಅಚ್ಚಾಗುತ್ತದೆ. ಕೆಲಸಕ್ಕೆ, ಬಡ್ತಿಗೆ ಲೆಕ್ಕಕ್ಕೆ ಬರುವುದೂ ಅದೇ. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎಷ್ಟೋ ಸಲ ವರ್ಷ ದಾಟುತ್ತದೆ. ಅಷ್ಟರಲ್ಲಿ ಒಂದು ಸೀಸನ್ ಕಳೆದುಹೋಗಿರುತ್ತದೆ.

ಪ್ರಿಪ್ರಿಂಟ್ ಅಂದರೆ ಯಾರೂ ಪರೀಕ್ಷೆ ಮಾಡುವ ಮೊದಲೇ ಲೇಖನವನ್ನು ಎಲ್ಲರಿಗೂ ಕಾಣುವ ಹಾಗೆ ಇಡುವುದು. ವೈದ್ಯಕೀಯ ವಿಷಯಕ್ಕೆ ಅಂತಲೇ ಮೆಡ್‌ಆರ್ಕೈವ್ ಅನ್ನುವ ಜಾಲತಾಣ 2019ರಲ್ಲಿ ಶುರುವಾಯಿತು. ಅಲ್ಲಿ ಕೆಲವೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಕೋವಿಡ್ ಕಾಲದಲ್ಲಿ ಇದರಿಂದ ಪ್ರಪಂಚಕ್ಕೆ ಆದ ಉಪಕಾರ ದೊಡ್ಡದು. ಅಪಾಯವೂ ಅಷ್ಟೇ ದೊಡ್ಡದು. 2020ರ ಜನವರಿ 31ರಂದು ದೆಹಲಿಯ ಸಂಶೋಧಕರ ಒಂದು ಪ್ರಿಪ್ರಿಂಟ್ ಬಂತು. ಹೊಸ ಕೊರೊನಾ ವೈರಸ್ಸಿನಲ್ಲಿ ಎಚ್‌ಐವಿಯ ತುಣುಕುಗಳನ್ನು ಹೋಲುವ ಭಾಗಗಳಿವೆ ಅಂತ ಅದು ಹೇಳಿತು. ಬೇರೆ ವಿಜ್ಞಾನಿಗಳು ಕೂಡಲೇ ತಪ್ಪು ತೋರಿಸಿದರು, ಬರೆದವರು ಕೆಲವೇ ದಿನದಲ್ಲಿ ವಾಪಸ್ ತೆಗೆದುಕೊಂಡರು. ಆದರೆ 'ಇದು ಮನುಷ್ಯರೇ ಮಾಡಿದ ವೈರಸ್' ಅನ್ನುವ ಸುದ್ದಿಗೆ ಅಷ್ಟು ದಿನ ಸಾಕಾಗಿತ್ತು. ಲೇಖನ ವಾಪಸ್ ಬಂತು, ಸುದ್ದಿ ಬರಲಿಲ್ಲ.

ನನ್ನ ಲೆಕ್ಕ ಇಷ್ಟು. ಜನ ಈಗಲೇ ಏನಾದರೂ ಮಾಡಬೇಕು, ತಡವಾದರೆ ಜೀವಕ್ಕೆ ಕುತ್ತು ಅನ್ನುವ ಹಾಗಿದ್ದರೆ ಪ್ರಿಪ್ರಿಂಟ್ ಹಾಕಿ. ಹಾಕುವ ಮುಂಚೆ ನಿಮ್ಮ ತಂಡದ ಹೊರಗಿನ, ನಿಮ್ಮನ್ನು ಮೆಚ್ಚಿಸುವ ಅಗತ್ಯ ಇಲ್ಲದ ಇಬ್ಬರಿಗೆ ಓದಲು ಕೊಡಿ. ಫಲಿತಾಂಶ ಹೆದರಿಕೆ ಹುಟ್ಟಿಸುವಂಥದ್ದಾಗಿದ್ದು, ಜನ ಅದರಿಂದ ಏನೂ ಮಾಡಲು ಆಗದಂತಿದ್ದರೆ ಕಾಯಿರಿ. ಜರ್ನಲ್ಲಿನ ಪರೀಕ್ಷೆ ಮುಗಿಯಲಿ.

ಜರ್ನಲ್ ಆರಿಸುವಾಗ ಓದುಗರ ಬಾಗಿಲು ತೆರೆದಿದೆಯಾ ನೋಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಒಂದು ದೇಶ ಒಂದು ಚಂದಾ' ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿತು. ಅದರಿಂದ ಸರ್ಕಾರಿ ಸಂಸ್ಥೆಗಳಲ್ಲಿ ಇರುವವರಿಗೆ ಸುಮಾರು 13,000 ಜರ್ನಲ್ಲುಗಳು ಸಿಗುತ್ತವೆ. ಒಳ್ಳೆಯದೇ. ಆದರೆ ತೀರ್ಥಹಳ್ಳಿಯಲ್ಲಿ ಸ್ವಂತ ಕ್ಲಿನಿಕ್ ಇಟ್ಟುಕೊಂಡ ಡಾಕ್ಟರಿಗೆ, ಜಿಲ್ಲಾ ಪೇಪರಿನ ವರದಿಗಾರರಿಗೆ ಅದು ಸಿಗುವುದಿಲ್ಲ. ಜ್ವರ ಬಂದವರು ಮೊದಲು ಹೋಗುವುದು ಆ ಕ್ಲಿನಿಕ್ಕಿಗೇ ಅಲ್ವಾ? ಐಸಿಎಂಆರ್‌ನ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ 1913ರಿಂದ ಬರುತ್ತಿದೆ, ಅದನ್ನು ಯಾರು ಬೇಕಾದರೂ ಓದಬಹುದು. ಅಂಥವನ್ನು ಮೊದಲು ನೋಡಿ.

ಪೇಪರಿನವರಿಗೆ ಹೇಳುವಾಗ

ಕನ್ನಡ ಪೇಪರಿನಷ್ಟು ಬೇಗ, ಅಷ್ಟು ಜನಕ್ಕೆ ಮುಟ್ಟಿಸುವುದು ಇನ್ನೊಂದಿಲ್ಲ. ಜಿಲ್ಲಾ ಪುಟದಲ್ಲಿ ಬಂದರೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಓದುತ್ತಾರೆ, ಓದಿದವರು ಓದದವರಿಗೆ ಹೇಳುತ್ತಾರೆ. ಆದರೆ ತಲೆಬರಹ ನಿಮ್ಮ ಕೈಯಲ್ಲಿ ಇರುವುದಿಲ್ಲ. 'ಹರಡುವ ಭೀತಿ', 'ನಿಗೂಢ ಜ್ವರ' ಅಂತ ಬಂದುಬಿಟ್ಟರೆ ಒಳಗೆ ಎಷ್ಟು ಚೆನ್ನಾಗಿ ಬರೆದಿದ್ದರೂ ಪ್ರಯೋಜನ ಇಲ್ಲ.

ಇಲ್ಲಿ ಎಲ್ಲಕ್ಕಿಂತ ಜಾಸ್ತಿ ಎಡವುವುದು ಅಂಕಿಗಳಲ್ಲಿ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನಲ್ಲಿ ನಡೆದದ್ದು ಕೇಳಿ. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಅಂತ ಎಚ್ಚರಿಕೆ ಹೊರಟಿತು. ಎರಡು ಪಟ್ಟು ಅಂದರೆ ಯಾರು ತಾನೇ ಹೆದರುವುದಿಲ್ಲ? ಸಾವಿರಾರು ಹೆಂಗಸರು ಮಾತ್ರೆ ಬಿಟ್ಟರು. ಬೇಡದ ಬಸಿರು, ಗರ್ಭಪಾತ ಎರಡೂ ಹೆಚ್ಚಾದವು. ನಿಜವಾದ ಲೆಕ್ಕ ಏನಿತ್ತು ಅಂದರೆ, 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು. ಮಾತು ಸುಳ್ಳಲ್ಲ. ಹೇಳಿದ ರೀತಿ ಹಾಳು ಮಾಡಿತು.

ನಮ್ಮಲ್ಲೂ ಇಂಥದ್ದೇ ಒಂದು ಅಂಕಿ ಇದೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಅಂತ ಕರ್ನಾಟಕದ 2005ರಿಂದ 2010ರ ದಾಖಲೆಗಳನ್ನು ನೋಡಿದ ಅಧ್ಯಯನ 2013ರಲ್ಲಿ ಬಂತು. ಎರಡು ಡೋಸಿಗೆ ಶೇ 62.4, ಬೂಸ್ಟರೂ ಸೇರಿದರೆ ಶೇ 82.9. ಇದನ್ನು ಹಾಗೇ ಹೇಳಿದರೆ ಜನ ಏನು ತಿಳಿದುಕೊಳ್ಳುತ್ತಾರೆ ಗೊತ್ತಾ? 'ಲಸಿಕೆ ಹಾಕಿಸಿಕೊಂಡ 100 ಜನರಲ್ಲಿ 38 ಜನಕ್ಕೆ ಕಾಯಿಲೆ ಬರುತ್ತೆ' ಅಂತ. ನಾನು ಸಭೆಗಳಲ್ಲಿ ಇದನ್ನು ಕಿವಿಯಾರೆ ಕೇಳಿದ್ದೇನೆ. ಹೇಳಬೇಕಾದ್ದು ಹೀಗೆ: ಲಸಿಕೆ ಹಾಕಿಸದ ಊರಲ್ಲಿ 100 ಜನಕ್ಕೆ ಕಾಯಿಲೆ ಬಂತು ಅಂದ್ಕೊಳ್ಳಿ. ಅಷ್ಟೇ ದೊಡ್ಡ ಊರಲ್ಲಿ ಎಲ್ಲರೂ ಎರಡು ಡೋಸ್ ಹಾಕಿಸಿದ್ದರೆ ಅಲ್ಲಿ ಸುಮಾರು 38 ಜನಕ್ಕೆ ಬರುತ್ತಿತ್ತು. ಬೂಸ್ಟರೂ ಹಾಕಿಸಿದ್ದರೆ 17 ಜನಕ್ಕೆ. ಎರಡು ವಾಕ್ಯ ಜಾಸ್ತಿ ಆಗುತ್ತದೆ, ಪರವಾಗಿಲ್ಲ.

ಮುಂದೆ 2022ರಲ್ಲಿ ಆ ಲಸಿಕೆ ನಿಂತಿತು, ಸಾಕಷ್ಟು ಪರಿಣಾಮ ಇಲ್ಲ ಅಂತ. ಆಗ ಊರಿನವರು ಕೇಳಿದರು: "ಇಷ್ಟು ವರ್ಷ ಆ ನೋವು ತಿಂದು ಹಾಕಿಸ್ಕಂಡಿದ್ದು ಯಾಕೆ ಹಂಗಾದ್ರೆ?" ಅದು ಚುಚ್ಚಿಸಿಕೊಂಡರೆ ತುಂಬಾ ನೋಯುವ ಲಸಿಕೆ. ಶುರುವಿನಿಂದಲೇ 'ಇದು ಪೂರ್ತಿ ಕಾಪಾಡಲ್ಲ, ಆದರೂ ಇಷ್ಟು ಕಾಪಾಡುತ್ತೆ' ಅಂತ ಬಿಡಿಸಿ ಹೇಳಿದ್ದ ಕಡೆ ಈ ಸಿಟ್ಟು ಕಮ್ಮಿ ಇತ್ತು.

ಪೇಪರಿಗೆ ಕೊಡುವುದಾದರೆ ಕನ್ನಡದಲ್ಲೇ ಒಂದು ಪುಟ ಬರೆದು ಕೊಡಿ. ವರದಿಗಾರರು ಸಂಜೆ ಹೊತ್ತಿಗೆ ಸುದ್ದಿ ಕಳಿಸಬೇಕು, ನಿಮ್ಮ ಇಂಗ್ಲಿಷ್ ಲೇಖನ ಓದಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಮೊದಲ ಸಾಲಿನಲ್ಲೇ ಜನ ಏನು ಮಾಡಬೇಕು ಅನ್ನುವುದು ಇರಲಿ. ಫೋನ್ ನಂಬರ್ ಕೊಡಿ, ರಾತ್ರಿ ಎಂಟಕ್ಕೆ ಫೋನ್ ಬಂದರೂ ಎತ್ತಿ. ಜರ್ನಲ್ಲಿನಲ್ಲಿ ಬರುವ ಮೊದಲೇ ಪೇಪರಿಗೆ ಹೇಳಿದರೆ ಜರ್ನಲ್ಲಿನವರು ಲೇಖನ ತೆಗೆದುಕೊಳ್ಳುವುದಿಲ್ಲ ಅನ್ನುವ ಭಯ ಎಲ್ಲರಿಗೂ ಇದೆ. ಅಮೆರಿಕದ ಒಂದು ದೊಡ್ಡ ಜರ್ನಲ್ 1969ರಲ್ಲಿ ಮಾಡಿದ ನಿಯಮ ಅದಕ್ಕೆ ಮೂಲ. ಆದರೆ ಜನರ ಆರೋಗ್ಯಕ್ಕೆ ತುರ್ತು ಇದ್ದಾಗ ದೊಡ್ಡ ಜರ್ನಲ್ಲುಗಳೂ ಇದಕ್ಕೆ ಅಡ್ಡ ಬರುವುದಿಲ್ಲ. ಸಂಪಾದಕರಿಗೆ ಮೊದಲೇ ಒಂದು ಮೇಲ್ ಹಾಕಿ ಕೇಳಿಬಿಡಿ.

ಪೋಸ್ಟರೋ, ಊರ ಸಭೆಯೋ

ಪೋಸ್ಟರು, ಕರಪತ್ರ ಅಗ್ಗ. ಒಂದೇ ದಿನದಲ್ಲಿ ಹತ್ತು ಊರಿಗೆ ಹಂಚಬಹುದು, ಫೋಟೋ ತೆಗೆದು ವರದಿಗೆ ಹಾಕಬಹುದು. ಸಭೆಗೆ ಒಂದು ಊರಿಗೆ ಒಂದು ದಿನ ಬೇಕು. ಆದರೂ ಎರಡರಲ್ಲಿ ಒಂದೇ ಅಂದರೆ ನಾನು ಕಣ್ಣು ಮುಚ್ಚಿ ಸಭೆ ಅನ್ನುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಪೋಸ್ಟರಿನಲ್ಲಿ ಉಣುಗನ್ನು ಅಂಗೈಯಗಲ ಅಚ್ಚು ಹಾಕಿಸಿದ್ದೆವು. ಎಂಟು ಕಾಲು ಎಣಿಸುವಷ್ಟು ಸ್ಪಷ್ಟ. ಮಲೆನಾಡಿನಲ್ಲಿ ಉಣುಗು ಗೊತ್ತಿಲ್ಲದವರು ಯಾರಿದ್ದಾರೆ? ದನದ ಕಿವಿಯೊಳಗೆ ರಕ್ತ ಕುಡಿದು ಊದಿಕೊಂಡದ್ದನ್ನು ದಿನಾ ಕಿತ್ತು ಹಾಕುತ್ತಾರೆ. ಪೋಸ್ಟರ್ ನೋಡಿ ಅದೇ ಅಂದುಕೊಂಡರು. ಮನುಷ್ಯರಿಗೆ ಕಾಯಿಲೆ ಅಂಟಿಸುವುದು ಹೆಚ್ಚಾಗಿ ಮರಿ ಉಣುಗು. ಅದು ಎಳ್ಳು ಕಾಳಿಗಿಂತ ಚಿಕ್ಕದು.

ಮುಂದಿನ ಸಭೆಗೆ ಸಣ್ಣ ಗಾಜಿನ ಸೀಸೆಯಲ್ಲಿ ಸ್ಪಿರಿಟ್ ಹಾಕಿ ಆರೇಳು ಮರಿ ಉಣುಗು ಬಿಟ್ಟು ತೆಗೆದುಕೊಂಡು ಹೋದೆವು. ಸೀಸೆ ಕೈಯಿಂದ ಕೈಗೆ ಹೋಯಿತು. ಒಬ್ಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ತುಂಬಾ ಹೊತ್ತು ನೋಡಿದರು. "ಇದಾ? ಇದು ದರಕಿನ ಗೋಣಿಚೀಲದ ಮೇಲೆಲ್ಲ ಇರ್ತದಲ್ರೀ. ನಾವು ಧೂಳು ಅಂದ್ಕಂಡು ಕೊಡವಿ ಬಿಡ್ತೀವಿ." ದರಕು ಅಂದರೆ ಕೊಟ್ಟಿಗೆಗೆ, ಗೊಬ್ಬರಕ್ಕೆ ಅಂತ ಕಾಡಿನಿಂದ ತರುವ ಒಣಗಿದ ಎಲೆ. ಸಭೆ ಪೂರ್ತಿ ಸುಮ್ಮನಾಯಿತು. ಆ ಒಂದು ಮಾತು ನಮ್ಮ ಪ್ರಶ್ನಾವಳಿಯ ನಲವತ್ತು ಪ್ರಶ್ನೆಗಳಲ್ಲಿ ಎಲ್ಲೂ ಸಿಕ್ಕಿರಲಿಲ್ಲ. ಪೋಸ್ಟರ್ ಈ ಮಾತನ್ನು ನಮಗೆ ವಾಪಸ್ ಹೇಳುತ್ತಿರಲಿಲ್ಲ.

ಸಭೆಯಲ್ಲಿ ಒಂದು ಎಚ್ಚರ ಬೇಕು. ಊರಿನ ಒಟ್ಟು ಫಲಿತಾಂಶ ಸಭೆಯಲ್ಲಿ, ಒಬ್ಬೊಬ್ಬರದ್ದು ಅವರವರ ಕೈಗೆ. ಅಪ್ಪಿತಪ್ಪಿಯೂ ಯಾರ ಹೆಸರೂ ಎಲ್ಲರೆದುರು ಬರಬಾರದು. ಈಗ ನಾವು ಮುಚ್ಚಿದ ಲಕೋಟೆಯಲ್ಲಿ ಒಂದು ಚೀಟಿ ಕೊಡುತ್ತೇವೆ. 'ನಿಮ್ಮ ರಕ್ತದಲ್ಲಿ ಈ ಕಾಯಿಲೆ ಹಿಂದೆ ಯಾವಾಗಲೋ ಬಂದು ಹೋದ ಗುರುತು ಇದೆ' ಅಥವಾ 'ಇಲ್ಲ'. ಅದರ ಕೆಳಗೆ, 'ಇದ್ದರೆ ನಿಮಗೆ ಈಗ ಕಾಯಿಲೆ ಇದೆ ಅಂತ ಅರ್ಥ ಅಲ್ಲ, ನಿಮ್ಮಿಂದ ಮನೆಯವರಿಗೆ ಹರಡುವುದಿಲ್ಲ'. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆ ಮನೆಯಲ್ಲೇ ಓದಿ ಹೇಳುತ್ತಾರೆ. ಇದನ್ನು ಮಾಡಬೇಕು ಅಂದರೆ ಒಪ್ಪಿಗೆ ಪತ್ರ ಬರೆಯುವ ದಿನವೇ ಸೇರಿಸಬೇಕು, ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೂ ತಿಳಿಸಿರಬೇಕು. ಕೊನೆಗೆ ನೆನಪಾದರೆ ಆಗುವುದಿಲ್ಲ, ನಮಗೆ ಆದ ಹಾಗೆ.

ಊರಿನ ಹೆಸರನ್ನು ಹೊರಗೆ ಹೇಳುವಾಗಲೂ ಯೋಚನೆ ಮಾಡಿ. ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಮೂಳೆ, ಕೀಲಿನ ಕಾಯಿಲೆಯೊಂದು ಕಂಡಿತು. ಅದಕ್ಕೆ ಊರಿನ ಹೆಸರೇ ಅಂಟಿತು, ಇವತ್ತಿಗೂ ಬಿಟ್ಟಿಲ್ಲ. ಹೊಸ ಕಾಯಿಲೆಗಳಿಗೆ ಊರಿನ, ಜನರ, ಪ್ರಾಣಿಯ ಹೆಸರು ಇಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ.

ರೇಡಿಯೊ, ವಾಟ್ಸ್ಆ್ಯಪ್, ನಾಟಕ

ಮಲೆನಾಡಿನಲ್ಲಿ ಉಣುಗಿನ ಕಾಲ, ಅಡಿಕೆ ಕೊಯ್ಲಿನ ಕಾಲ ಎರಡೂ ಒಂದೇ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಕೈ ಬಿಡುವಿರುವುದಿಲ್ಲ, ಕಣ್ಣು ಬಿಡುವಿರುವುದಿಲ್ಲ. ಕಿವಿ ಮಾತ್ರ ಬಿಡುವಾಗಿರುತ್ತದೆ. ಆ ಹೊತ್ತಿಗೆ ಸಭೆ ಕರೆದರೆ ಯಾರೂ ಬರುವುದಿಲ್ಲ, ರೇಡಿಯೊ ಹಾಕಿದರೆ ಎಲ್ಲರೂ ಕೇಳುತ್ತಾರೆ. ಆಕಾಶವಾಣಿ ಭದ್ರಾವತಿಯಂಥ ಕೇಂದ್ರ, ಸರಗೂರಿನ ಜನಧ್ವನಿಯಂಥ ಸಮುದಾಯ ರೇಡಿಯೊ ಇದಕ್ಕೇ ಹೇಳಿ ಮಾಡಿಸಿದಂತಿವೆ. ಭಾಷಣ ಓದಬೇಡಿ. ಕಾಯಿಲೆ ಬಂದು ಗುಣವಾದ ಒಬ್ಬರನ್ನು ಒಪ್ಪಿಸಿ ಕರೆದುಕೊಂಡು ಹೋಗಿ, ಅವರು ಮಾತಾಡಲಿ. ಸಾಧ್ಯವಾದರೆ ಫೋನಿನಲ್ಲಿ ಪ್ರಶ್ನೆ ಕೇಳುವ ಕಾರ್ಯಕ್ರಮವನ್ನೇ ಆರಿಸಿಕೊಳ್ಳಿ.

ವಿಜ್ಞಾನದ ಸುದ್ದಿಯನ್ನು ಕನ್ನಡದಲ್ಲಿ ಕೇಳುವ ಜನ ಎಷ್ಟಿದ್ದಾರೆ ಅನ್ನುವುದಕ್ಕೆ ಕೊಳ್ಳೇಗಾಲ ಶರ್ಮ ಅವರ ಜಾಣಸುದ್ದಿ ಪಾಡ್‌ಕಾಸ್ಟ್ ನೋಡಿ. ಊರೂರಿನ ಮೇಷ್ಟ್ರು, ವಿದ್ಯಾರ್ಥಿಗಳು, ಹೊರದೇಶದ ಕನ್ನಡಿಗರು ನಿಮಗೆ ಬೇಕಿದ್ದರೆ ಅದು ಒಳ್ಳೆಯ ದಾರಿ. ಕಾಡಿನಂಚಿನ ಮನೆಯವರು ಬೇಕಿದ್ದರೆ ಅದೊಂದೇ ಸಾಲದು.

ವಾಟ್ಸ್ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ನಿಮಿಷದ ಧ್ವನಿ ಸಂದೇಶ, ಊರಿನವರಿಗೆ ಗೊತ್ತಿರುವ ದನಿಯಲ್ಲಿ. ತಾರೀಖು ಬಾಯಲ್ಲೇ ಹೇಳಿರಬೇಕು, ಇಲ್ಲದಿದ್ದರೆ ಮೂರು ವರ್ಷ ಆದ ಮೇಲೂ ಅದು ಸುತ್ತುತ್ತಲೇ ಇರುತ್ತದೆ.

ನಾಟಕ, ಯಕ್ಷಗಾನ ಅಂದರೆ ನಮ್ಮ ಕಡೆ ಜನ ತಾವಾಗೇ ಸೇರುತ್ತಾರೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಇರುವ ತಾಲ್ಲೂಕು ಸಾಗರ, ಆಟ ನೋಡಿ ಬೆಳೆದವರು. ಹೆದರಿಕೆ, ಮುಜುಗರ ಇರುವ ವಿಷಯಗಳಿಗೆ ನಾಟಕದಷ್ಟು ಒಳ್ಳೆಯದು ಇಲ್ಲ. ಕ್ಷಯ, ಮಾನಸಿಕ ಕಾಯಿಲೆ, ಮುಟ್ಟು ಇಂಥವು. ಅಂಕಿ ಸಂಖ್ಯೆಗೆ ಮಾತ್ರ ಬೇಡ. ಇನ್ನೊಂದು ತೊಂದರೆಯೂ ಇದೆ. ನಾಟಕಕ್ಕೆ ಒಬ್ಬ ಖಳ ಬೇಕು. 'ಮಂಗನ ಕಾಯಿಲೆ' ಅಂತ ಹೆಸರೇ ಇರುವಾಗ ಆ ವೇಷ ಮಂಗನಿಗೇ ಬೀಳುತ್ತದೆ. ಅದೂ ನಮ್ಮ ಹಾಗೇ ಉಣುಗು ಕಚ್ಚಿ ಸಾಯುವ ಪ್ರಾಣಿ, ಪಾಪ. 2022ರಲ್ಲಿ ಬ್ರೆಜಿಲ್‌ನಲ್ಲಿ ಮಂಕಿಪಾಕ್ಸ್ ಹೆಸರು ಕೇಳಿಯೇ ಜನ ಮಂಗಗಳಿಗೆ ವಿಷ ಹಾಕಿದರು. ಸ್ಕ್ರಿಪ್ಟ್ ಬರೆಯುವ ಹಂತದಲ್ಲೇ ನಾಟಕದವರ ಜೊತೆ ಕೂತುಕೊಳ್ಳಿ.

ಇಲಾಖೆಗೆ ಎರಡು ಪುಟ

ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಜಿಲ್ಲಾ ಆರೋಗ್ಯಾಧಿಕಾರಿಗೆ ನಲವತ್ತು ಪುಟದ ವರದಿ ಕೊಟ್ಟರೆ ಅದು ಕಪಾಟು ಸೇರುತ್ತದೆ. ಎರಡು ಪುಟ ಸಾಕು: ಏನು ಗೊತ್ತಾಯಿತು, ಯಾವ ಪಂಚಾಯಿತಿಗಳಲ್ಲಿ, ಈ ಸೀಸನ್ನಿಗೆ ಏನು ಬದಲಾಗಬೇಕು. ಅದು ಅಕ್ಟೋಬರ್ ಒಳಗೆ ಅವರ ಮೇಜಿನ ಮೇಲೆ ಇರಬೇಕು. ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ ಎಲ್ಲಿಗೆ ಎಷ್ಟು ಹೋಗಬೇಕು ಅಂತ ತೀರ್ಮಾನ ಆಗುವುದು ಆಗಲೇ. ಜನವರಿಯಲ್ಲಿ ಕೊಟ್ಟರೆ ಯಾರಿಗೂ ಪ್ರಯೋಜನ ಇಲ್ಲ. ಜರ್ನಲ್ಲಿನ ದಾರಿ ಕಾಯದೆ ಇದನ್ನು ಕೊಡಬಹುದು. 'ಇನ್ನೂ ಪ್ರಕಟವಾಗಿಲ್ಲ' ಅಂತ ಮೇಲೆ ಬರೆದರಾಯಿತು. ಜೊತೆಗೆ ಅರಣ್ಯ ಇಲಾಖೆಗೂ, ಪಶು ಇಲಾಖೆಗೂ ಒಂದೊಂದು ಪ್ರತಿ. ಸತ್ತ ಮಂಗ ಮೊದಲು ಕಣ್ಣಿಗೆ ಬೀಳುವುದು ಗಾರ್ಡಿಗೆ, ಡಾಕ್ಟರಿಗಲ್ಲ.

ಮುಗಿದ ಮೇಲೋ, ಶುರುವಾಗುವ ಮೊದಲೋ

ಇಷ್ಟು ಹೊತ್ತು ಹೇಳಿದ್ದೆಲ್ಲ ಕೆಲಸ ಮುಗಿದ ಮೇಲಿನ ಮಾತು. ನನ್ನನ್ನು ಕೇಳಿದರೆ ದೊಡ್ಡ ಆಯ್ಕೆ ಇಲ್ಲಿದೆ. ಜನರ ಹತ್ತಿರ ಉತ್ತರ ತೆಗೆದುಕೊಂಡು ಹೋಗುವುದಾ, ಪ್ರಶ್ನೆಯನ್ನೇ ಅವರ ಜೊತೆ ಕೂತು ಮಾಡುವುದಾ?

ಮೊದಲನೆಯದು ಸಲೀಸು. ಎರಡನೆಯದಕ್ಕೆ ಆರು ತಿಂಗಳು ಹೆಚ್ಚು ಬೇಕು, ಹಣ ಕೊಡುವವರಿಗೆ ವಿವರಿಸುವುದು ಕಷ್ಟ. ಆದರೆ ಸಾಧ್ಯ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಮತ್ತಿತರರು ಸೇರಿ ಮಂಗನ ಕಾಯಿಲೆ ಎಲ್ಲಿ ಬರಬಹುದು ಅನ್ನುವ ನಕ್ಷೆ ಮಾಡಿದರು. ಅದು 2020ರಲ್ಲಿ ಪ್ರಕಟವಾಯಿತು. ಆರೋಗ್ಯ, ಅರಣ್ಯ, ಪಶು ಇಲಾಖೆಯವರನ್ನು ಶುರುವಿನಲ್ಲೇ ಕೂರಿಸಿಕೊಂಡು, ನಿಮಗೆ ಎಂಥ ನಕ್ಷೆ ಬೇಕು ಅಂತ ಕೇಳಿ ಮಾಡಿದ ಕೆಲಸ. ಕಾಡು, ತೋಟ ಒಂದರೊಳಗೊಂದು ಬೆರೆತ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಅಂತ ಅದು ತೋರಿಸಿತು. ಬಳಸುವವರೇ ಜೊತೆಗಿದ್ದರೆ ನಕ್ಷೆ ಕಪಾಟು ಸೇರುವುದಿಲ್ಲ.

ಜೊತೆಗೆ ಸೇರಿಸಿಕೊಳ್ಳದಿದ್ದರೆ ಏನಾಗುತ್ತದೆ? 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಡುವ ಅಧ್ಯಯನ ನಡೆಯಿತು. ಎಷ್ಟೋ ಕಡೆ ಒಪ್ಪಿಗೆಗೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು, ಅಪ್ಪ ಅಮ್ಮ ಅಲ್ಲ. ಕೆಲವು ಹುಡುಗಿಯರು ತೀರಿಕೊಂಡಾಗ ಊರಿನಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಸಾವಿಗೂ ಲಸಿಕೆಗೂ ಬಹುಮಟ್ಟಿಗೆ ಸಂಬಂಧ ಇಲ್ಲ ಅಂತ ತನಿಖೆ ಹೇಳಿತು. ಆದರೆ 2010ರಲ್ಲಿ ಅಧ್ಯಯನ ನಿಂತುಹೋಗಿತ್ತು. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಒಳ್ಳೆಯ ಲಸಿಕೆ ಅದು. ಅದರ ಮೇಲಿನ ಅನುಮಾನ ವರ್ಷಗಟ್ಟಲೆ ಉಳಿಯಿತು.

ನಮ್ಮ ಮಟ್ಟಿಗೆ ಈಗ ಪ್ರತಿ ಊರಿನಲ್ಲಿ ಏಳೆಂಟು ಜನರ ಸಣ್ಣ ಗುಂಪು ಇದೆ. ಆಶಾ ಕಾರ್ಯಕರ್ತೆ, ದನ ಕಾಯುವವರು, ತೋಟದ ಕೆಲಸಕ್ಕೆ ಹೋಗುವ ಹೆಂಗಸರು, ಕಾಯಿಲೆಯಿಂದ ಎದ್ದವರೊಬ್ಬರು. ಪಂಚಾಯಿತಿ ಸದಸ್ಯರನ್ನು ಕರೆಯುತ್ತೇವೆ, ಆದರೆ ಅವರೊಬ್ಬರೇ ಆಗದ ಹಾಗೆ ನೋಡಿಕೊಳ್ಳುತ್ತೇವೆ. ಮೊದಲ ಭೇಟಿಯಲ್ಲೇ ಅವರು ಎರಡು ವಿಷಯ ಹೇಳಿದರು. ಬೆಳಿಗ್ಗೆ ಹತ್ತಕ್ಕೆ ಸರ್ವೆಗೆ ಬಂದರೆ ಮನೆಯಲ್ಲಿ ಇರುವವರು ಕಾಡಿಗೆ ಹೋಗದವರು ಮಾತ್ರ. ಎರಡನೆಯದನ್ನು ಒಬ್ಬ ಹೆಂಗಸು ಕೇಳಿದರು. "ದರಕು ತರಬೇಡಿ ಅಂತ ಎಲ್ರೂ ಹೇಳ್ತೀರಿ. ಕೊಟ್ಟಿಗೆಗೆ ಏನ್ ಹಾಕಾದು? ಗೊಬ್ಬರಕ್ಕೆ ಏನ್ ಮಾಡಾದು?"

ಕಾಡಿನಿಂದ ಒಣಗಿದ ಎಲೆ ತರಬೇಡಿ ಅನ್ನುವ ಸಲಹೆ ಎಲ್ಲ ಕರಪತ್ರದಲ್ಲೂ ಇದೆ. ಅದರ ಬದಲು ಏನು ಅಂತ ಯಾವ ಕರಪತ್ರದಲ್ಲೂ ನಾನು ನೋಡಿಲ್ಲ. ದರಕನ್ನು ಎಷ್ಟು ದಿನ ಬಿಸಿಲಿಗೆ ಹರಡಿದರೆ ಉಣುಗು ಸಾಯುತ್ತದೆ, ತೋಟದ ಸೋಗೆಯನ್ನೇ ಕತ್ತರಿಸಿ ಹಾಕಿದರೆ ಆಗುತ್ತದಾ, ಅದಕ್ಕೆ ಎಷ್ಟು ಕೂಲಿ ಬೀಳುತ್ತದೆ? ಈ ವರ್ಷದ ನಮ್ಮ ಅರ್ಜಿಯಲ್ಲಿ ಮೊದಲ ಪ್ರಶ್ನೆ ಇದೇ. ಆ ಹೆಂಗಸು ಕೇಳಿದ ಮಾತುಗಳಲ್ಲೇ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಹಾಕಿದ್ದೇವೆ. ಡಿಸೆಂಬರ್‌ನಲ್ಲಿ ಅಡಿಕೆ ಸುಲಿಯುವ ಹೊತ್ತಿಗೆ ಅವರ ಮನೆಯ ಅಂಗಳದಲ್ಲೇ ಮುಂದಿನ ಭೇಟಿ. ನಾವು ಮೆಟ್ಟುಗತ್ತಿ ಕಲಿತುಕೊಂಡು ಬರಬೇಕಂತೆ.